ಬೇರಿಗಂಟಿದ ಮಣ್ಣು

ಹಸಿ ಸೊಪ್ಪನ್ನು ಹಂಚಿನ ಮೇಲೆ ಬಾಡಿಸಿದರೆ ಏಳುವ ಆ ಘಾಟು ಕದರಮ್ಮನಿಗೆ ಚಿಕ್ಕಂದಿನಿಂದ ಗೊತ್ತು. ಕಲ್ಲು ಹೊತ್ತು ಬಂದ ಅಪ್ಪನ ಸೊಂಟಕ್ಕೆ ಅವ್ವ ಸಂಜೆ ಆ ಸೊಪ್ಪು ಕಟ್ಟುತ್ತಿದ್ದಳು. ಒಂದು ಚೂರು ಅರೆದು ಬೆಲ್ಲದ ಜೊತೆ ಉಂಡೆ ಮಾಡಿ ಕೊಡುತ್ತಿದ್ದಳು. ಅಪ್ಪ ನರಳದೆ ಮಲಗುತ್ತಿದ್ದ. ಈಗ ಕಲ್ಲು ಹೊರುವವಳು ಕದರಮ್ಮ. ತನ್ನ ಸೊಂಟಕ್ಕೂ ಆ ಸೊಪ್ಪೇ ಬೇಕೆಂದು ಬಚ್ಚಲ ನೀರು ಹರಿಯುವಲ್ಲಿ ಮೂರು ಗಾಂಜಾ ಗಿಡ ಹಾಕಿಕೊಂಡಿದ್ದಳು.

ಇವತ್ತು ಅದೇ ಘಾಟು ಮಡಕಶಿರದ ಕೋರ್ಟಿನೊಳಗೆ. ಬಿಸಿಲಿಗೆ ಬಾಡಿದ ಗಿಡಗಳು ಮ್ಯಾಜಿಸ್ಟ್ರೇಟರ ಮೇಜಿನ ಮುಂದೆ ಬಿದ್ದಿದ್ದವು. ಕದರಮ್ಮ ನಿಂತಲ್ಲಿ ನಿಲ್ಲಲಾರದೆ ಬಾಗಿಲಾಚೆಯ ಬಿಸಿಲನ್ನೇ ನೋಡುತ್ತಿದ್ದಳು. ಮಗಳು ಹೆತ್ತು ಮೂರು ದಿನ. ಬೇಯಿಸಿ ಹಾಕಲು ಮನೆಯಲ್ಲಿ ಇನ್ನೊಬ್ಬರಿಲ್ಲ.

"ಸುಮ್ಕೆ ನಿಂತ್ಕಳ್ಳೇ, ಬಿಡ್ತಾರೆ," ಎಂದಳು ಜೊತೆಗೆ ಬಂದಿದ್ದ ಪಕ್ಕದ ಮನೆಯ ಸಣ್ಣಕ್ಕ.

"ಹಸ್ಕಂಡು ಮಲ್ಗಿರ್ತಾಳೆ ಕಣಕ್ಕ."

ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. "ಮೊದಲನೇ ತಪ್ಪು. ಸ್ವಂತಕ್ಕೆ ಬೆಳೆದಿದ್ದರೆ ಬುದ್ಧಿ ಹೇಳಿ ಬಿಡುತ್ತಿದ್ದೆ. ಇದು ನಾಲ್ಕು ವೀಸೆ ತೂಗಿದೆ. ವ್ಯಾಪಾರದ ಮಾಲು."

ಅಬ್ಕಾರಿ ಇನ್‌ಸ್ಪೆಕ್ಟರು ಗೋಡೆ ನೋಡುತ್ತಾ ನಿಂತಿದ್ದರು. "ದೊರೆಗಳಿಗೆ ತೋರಿಸಿ ವಾಪಸ್ ತಗಂಡೋಗು" ಎಂದು ಗಿಡ ಕೀಳಿಸಿದವರು ಅವರೇ. ಮತ್ತೆ ನೆಡಬೇಕಲ್ಲ ಎಂದು ಕದರಮ್ಮ ಬೇರಿಗೆ ಕೆಸರು ಮೆತ್ತಿ, ಗೋಣಿ ಸುತ್ತಿ, ಸಸಿ ಒಯ್ಯುವ ಹಾಗೆ ಒಂದು ಹರದಾರಿ ಹೊತ್ತು ತಂದಿದ್ದಳು. ತೂಗುವ ಮೊದಲು ಗೋಣಿ ಒಣಗಿದಾಗ ಕೋರ್ಟಿನ ಜವಾನ ತಿಪ್ಪಯ್ಯ ತಾನು ಕುಡಿಯಲು ತಂದ ನೀರನ್ನೇ ಸುರಿದಿದ್ದ.

"ಅದು ಮಣ್ಣು ಸ್ವಾಮಿ! ಮಣ್ಣೂ ತೂಗವ್ರೆ!" ಎಂದಳು ಕದರಮ್ಮ.

"ಮಹಜರಿಗೆ ನಿನ್ನ ಹೆಬ್ಬೆಟ್ಟು ಬಿದ್ದಿದೆಯಲ್ಲ?"

ಕದರಮ್ಮ ಬಗ್ಗಿ ಒಂದು ಗಿಡ ಎತ್ತಿ, ಗೋಣಿ ಕಿತ್ತು ಬೇರನ್ನು ನೆಲಕ್ಕೆ ಬಡಿದಳು. ಹೆಂಟೆ ಹೆಂಟೆಯಾಗಿ ಮಣ್ಣು ಉದುರಿತು.

"ಈಗ ತೂಗ್ಸಿ. ಎದ್ರುಗಡೆ ಸರ್ಕಾರದ ಲೈಸೆನ್ಸ್ ಅಂಗ್ಡೀಲಿ ಇದೇ ಸೊಪ್ಪನ್ನ ತೂಗಿ ತೂಗಿ ಮಾರ್ತಾವ್ರೆ. ಅವ್ರಿಗಿಲ್ದಿದ್ ತಪ್ಪು ನನ್ ಸೊಂಟಕ್ಕಾ? ಸೊಪ್ಪಿಗೆ ಎಷ್ಟ್ ದಿನ, ಮಣ್ಣಿಗೆ ಎಷ್ಟ್ ದಿನ, ಬಿಡ್ಸಿ ಹೇಳಿ ಸ್ವಾಮಿ!"

ಬಾಗಿಲಲ್ಲಿ ನಿಂತವರು ನಕ್ಕರು. ಸಣ್ಣಕ್ಕ ನಗಲಿಲ್ಲ. "ಹೌದು, ತೂಗ್ಸಿ ಸ್ವಾಮಿ," ಎಂದಳು. ನಕ್ಕವರಲ್ಲೇ ಒಬ್ಬ, "ತೂಗ್ಸೋಕೇನು?" ಎಂದ. ಹಿಂದಿನಿಂದ ಇನ್ನೂ ನಾಲ್ಕು ದನಿ ಸೇರಿದವು.

ತಕ್ಕಡಿ ಮೂಲೆಯಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ.

"ಹೊರಗೆ ಕಳಿಸಿ ಇವರನ್ನೆಲ್ಲ. ಒಂದು ತಿಂಗಳು ಸಜೆ," ಎಂದರು ಮ್ಯಾಜಿಸ್ಟ್ರೇಟರು.

ಜಗಲಿಯಲ್ಲಿ ಕಾನ್‌ಸ್ಟೇಬಲ್ ಕದರಮ್ಮನ ಕೈಗೆ ಬೇಡಿ ಹಾಕುತ್ತಿದ್ದ. ಬೆರಳ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಅವಳ ಕಣ್ಣು ಬಿಸಿಲಿನ ಮೇಲೆಯೇ ಇತ್ತು.

ತಿಪ್ಪಯ್ಯ ಮೊಳೆಗೆ ನೇತುಹಾಕಿದ್ದ ತನ್ನ ಬುತ್ತಿಯನ್ನು ಇಳಿಸಿಕೊಂಡ. ಕದರಮ್ಮನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಗಂಟನ್ನು ಸಣ್ಣಕ್ಕನ ಕೈಯಲ್ಲಿಟ್ಟ.

"ಬಾಣಂತಿಗೆ," ಎಂದ. "ಬಿರ್ರನೆ ಹೋಗಕ್ಕ."