ಸ್ಲ್ಯಾಬ್ ಒಡೆದ ರೂಪಾಯಿ

ಶಿವಾಜಿನಗರದ ಶೌಕತ್ ಭಾಯಿ ನಮ್ಮ ಮನೆಗೆ ಬಂದದ್ದು 2007ರ ಜನವರಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನನ್ನ ಗಂಡ ಸಿದ್ಧಲಿಂಗೇಶ ತೀರಿಕೊಂಡು ಎಂಟು ತಿಂಗಳಾಗಿತ್ತು. ಶೌಕತ್ ಭಾಯಿ ಹಳೆ ನಾಣ್ಯಗಳ ವ್ಯಾಪಾರಿ. ಸಿದ್ಧಲಿಂಗೇಶ ಆರು ವರ್ಷ ಪ್ರತಿ ಶನಿವಾರ ಅವರ ಅಂಗಡಿಗೆ ಹೋಗುತ್ತಿದ್ದರು. ಹಳೆ ಮದ್ರಾಸ್ ರಸ್ತೆಯಲ್ಲಿ ಲಾರಿ ಹೊಡೆದದ್ದು ಅಲ್ಲಿಂದ ತಿಪ್ಪಸಂದ್ರಕ್ಕೆ ಹಿಂತಿರುಗುವಾಗ.

"ಬರ್ಬಾರ್ದು ಅಂತಾನೇ ಇದ್ದೆ ಭಾಭಿ," ಅಂದರು. "ಈಗ ಬೇರೆ ದಾರಿ ಇಲ್ಲ."

ಕಾಗದದ ಪೊಟ್ಟಣ ಬಿಚ್ಚಿ ಒಂದು ಬೆಳ್ಳಿ ರೂಪಾಯಿ ತೆಗೆದರು. ಅಂಚನ್ನಷ್ಟೇ ಹಿಡಿದು ನನಗೆ ತೋರಿಸಿದರು. ಇಸವಿ 1939. ಆ ಇಸವಿಯ ರೂಪಾಯಿ ಬಲು ಅಪರೂಪ ಎಂದು ಸಿದ್ಧಲಿಂಗೇಶ ಹೇಳುತ್ತಿದ್ದರು. ಇದನ್ನು ಅವರು ಅಮೆರಿಕದ ಒಂದು ಕಂಪನಿಗೆ ಕಳಿಸಿದ್ದರು. ಆ ಕಂಪನಿಯವರು ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ವಾಪಸ್ ಕಳಿಸುತ್ತಾರೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಒಳಗಿರುವುದು ನಕಲಿ ಎಂದು ಮುಂದೆ ಯಾವಾಗ ತಿಳಿದರೂ ನಷ್ಟ ತುಂಬಿಕೊಡುತ್ತೇವೆ ಎಂಬುದು ಅವರ ಗ್ಯಾರಂಟಿ. ಈ ರೂಪಾಯಿಗೆ ಅರವತ್ತೆರಡು ಬಂದಿತ್ತು. ಅದನ್ನು ಸ್ಲ್ಯಾಬ್ ಸಮೇತ ಸಿದ್ಧಲಿಂಗೇಶರಿಂದ ಶೌಕತ್ ಭಾಯಿ ಕೊಂಡಿದ್ದರು.

"ಅರವತ್ನಾಕು ಬರೋ ಮಾಲು ಅನ್ನಿಸ್ತು. ದುರಾಸೆ ಭಾಭಿ. ಒಡೆದು ಮತ್ತೆ ಕಳ್ಸಿದೆ."

"ಒಡೆದದ್ದು ಯಾಕೆ? ಹಾಗೇ ಕಳಿಸಬಹುದಿತ್ತಲ್ಲ?"

"ಹಳೇ ನಂಬರ್ ಕಂಡ್ರೆ ಮತ್ತೆ ಅದನ್ನೇ ಹಾಕ್ತಾರೆ. ನಮ್ಮಲ್ಲಿ ಎಲ್ರೂ ಒಡೆದೇ ಕಳ್ಸೋದು."

ಅದು ನನಗೆ ಅರ್ಥವಾಯಿತು. ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮರುಮೌಲ್ಯಮಾಪನಕ್ಕೆ ಬರುವ ಉತ್ತರ ಪತ್ರಿಕೆಯಲ್ಲಿ ಮೊದಲಿನ ಅಂಕಗಳನ್ನು ಮರೆಮಾಡಿರುತ್ತಾರೆ. ಅವು ಕಂಡರೆ ಎರಡನೆಯವರ ಪೆನ್ನು ಅಲ್ಲೇ ಹತ್ತಿರ ನಿಲ್ಲುತ್ತದೆ.

ಎರಡನೆಯ ಸಲ ಅಂಕವೇ ಬರಲಿಲ್ಲ. ಇಸವಿಯನ್ನು ತಿದ್ದಲಾಗಿದೆ ಎಂಬ ಚೀಟಿಯೊಂದಿಗೆ ಕಂಪನಿ ರೂಪಾಯಿಯನ್ನು ವಾಪಸ್ ಕಳಿಸಿತು. ನಿಮ್ಮದೇ ಸ್ಲ್ಯಾಬಿನಲ್ಲಿತ್ತಲ್ಲ ಎಂದು ಶೌಕತ್ ಭಾಯಿ ಜಗಳ ತೆಗೆದರು. ಸ್ಲ್ಯಾಬ್ ಒಡೆದ ಮೇಲೆ ಗ್ಯಾರಂಟಿ ಇಲ್ಲ, ಅದರೊಳಗೆ ಇದ್ದದ್ದು ಇದೇ ಎಂದು ನಾವು ನಂಬುವುದು ಹೇಗೆ ಎಂದು ಉತ್ತರ ಬಂತು.

"ಅವ್ರು ಬಿಡಿ, ದೂರ ಇದಾರೆ. ನಮ್ಮ ಮಾರ್ಕೆಟ್ಟಲ್ಲಿ ಏನಂತಾರೆ ಗೊತ್ತಾ? ಶೌಕತ್ ಅಸಲೀದು ಇಟ್ಕೊಂಡು ನಕಲೀದು ಕಳಿಸ್ದ ಅಂತ. ಪಕ್ಕದಂಗ್ಡಿ ಕರೀಂ ಮೊನ್ನೆ ಬಂದು, 'ಏನ್ ಗುರು, ಇವತ್ತು ಯಾವ ಇಸವಿ ಮಾಡ್ದೆ?' ಅಂತಾನೆ. ಅವನಂಗ್ಡೀಲಿ ಅಕ್ಬರನ ಚಿನ್ನದ ಮೊಹರು ವಾರಕ್ಕೆ ಎರಡು ಹುಟ್ತವೆ ಭಾಭಿ. ಅವನು ಕೇಳ್ತಾನೆ ನನ್ನ! ಮೂವತ್ತು ವರ್ಷದ ಗಿರಾಕಿಗಳು ಮಾಲು ವಾಪಸ್ ತಂದು ಇಡ್ತಿದಾರೆ."

ಅತ್ತೆ ಪಾರ್ವತೆವ್ವ ಚಹಾದ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. "ಅಂದ್ರ, ನನ್ನ ಮಗ ಖೊಟ್ಟಿ ರೂಪಾಯಿ ಮಾರ್ಯಾನಂತ ಹೇಳಾಕ ಬಂದೀರೇನ್ರೀ ಸಾಹೇಬ್ರ?"

"ತೌಬಾ, ತೌಬಾ! ಅವನೂ ಮೋಸ ಹೋಗಿದಾನೆ ಅಮ್ಮ, ನಾನೂ ಹೋಗಿದೀನಿ. ಸಿದ್ದು ಎಂಥೋನು ಅಂತ ನಂಗೊತ್ತಿಲ್ವಾ? ನನ್ನ ಖರ್ಚಲ್ಲಿ ನಾಲ್ಕು ಟೀ ಕುಡಿದು, ನನ್ನ ಮಾಲಿಗೇ ನೂರು ತಪ್ಪು ಹುಡುಕಿ, ಏನೂ ತಗೊಳ್ದೆ ಎದ್ದು ಹೋಗೋನು. ಅಂಥೋನು ಮೋಸ ಮಾಡ್ತಾನಾ?"

ಅತ್ತೆ ನಕ್ಕರು. ಎಂಟು ತಿಂಗಳಲ್ಲಿ ಮೊದಲ ಸಲ.

ಶೌಕತ್ ಭಾಯಿ ಕಂಪನಿಯ ಕೊನೆಯ ಕಾಗದವನ್ನು ನನ್ನ ಕೈಗಿಟ್ಟರು. ಓದಿದೆ. ಎರಡು ದಾಖಲೆ ಕೊಟ್ಟರೆ ಮತ್ತೊಮ್ಮೆ ವಿಚಾರಿಸುತ್ತೇವೆ ಎಂದಿತ್ತು. ಒಂದು, ಮೊದಲ ಸಲ ಕಳಿಸುವ ಮುಂಚೆ ತೆಗೆದ ಅದೇ ನಾಣ್ಯದ ಫೋಟೋ. ಇನ್ನೊಂದು, ಮೊದಲು ಕಳಿಸಿದವರು ನಾಣ್ಯವನ್ನು ತಿದ್ದಿಲ್ಲ ಎಂದು ಅವರೇ ಅಥವಾ ಅವರ ವಾರಸುದಾರರು ಸಹಿ ಹಾಕಿದ ಹೇಳಿಕೆ. ತಿಂಗಳ ಕೊನೆಯೊಳಗೆ.

"ಫೋಟೋ ಇದ್ದೇ ಇರತ್ತೆ," ಅಂದರು. "ಫೋಟೋ ತೆಗೀದೆ ಅವನು ಏನೂ ಕಳಿಸ್ತಿರ್ಲಿಲ್ಲ."

ನಾನು ಒಳಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದೆ. ಅದನ್ನು ಯಾರೂ ಮುಟ್ಟಿರಲಿಲ್ಲ. ಕೀಲಿಗಳ ಮೇಲೆ ಧೂಳಿತ್ತು.

ಸಿದ್ಧಲಿಂಗೇಶ ವಿಮಾನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದರು. ಅಲ್ಲಿ ಕೈಗೆ ಬಂದ ಪ್ರತಿ ಭಾಗವನ್ನು ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆದು ಬರೆದಿಡಬೇಕಂತೆ. ಆ ಅಭ್ಯಾಸ ಮನೆಗೂ ಬಂದಿತ್ತು. ಮಿಕ್ಸಿ ರಿಪೇರಿ ಮಾಡಿದರೂ ಬಿಚ್ಚುವ ಮುಂಚೆ ಒಂದು ಚಿತ್ರ, ಜೋಡಿಸಿದ ಮೇಲೆ ಒಂದು. ನಾನು ಗೇಲಿ ಮಾಡುತ್ತಿದ್ದೆ.

ಒಂದೊಂದು ನಾಣ್ಯಕ್ಕೂ ಒಂದೊಂದು ಫೋಲ್ಡರ್ ಇತ್ತು. 1939ರದನ್ನು ತೆರೆದೆ. ಕೊನೆಯ ಚಿತ್ರದಲ್ಲಿ ರೂಪಾಯಿ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿತ್ತು. ಇಸವಿಯ ಸುತ್ತಲಿನ ಹೂಬಳ್ಳಿಯ ಒಂದು ಎಲೆಯ ಮೇಲೆ ಓರೆಯಾದ ಗೀರು. ಹೊರಗೆ ಹೋಗಿ ಶೌಕತ್ ಭಾಯಿಯ ಕೈಯಲ್ಲಿದ್ದ ರೂಪಾಯಿ ನೋಡಿ ಬಂದೆ. ಅದೇ ಎಲೆ, ಅದೇ ಗೀರು. ಸ್ಲ್ಯಾಬಿನಲ್ಲಿದ್ದದ್ದು ಇದೇ. ಕಂಪನಿಯದೇ ತಪ್ಪು. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

ಫೋಲ್ಡರಿನಲ್ಲಿ ಇನ್ನೊಂದು ಚಿತ್ರವಿತ್ತು, ಹದಿನೇಳು ದಿನ ಮುಂಚಿನದು. ಅದೇ ಸ್ಕೇಲು. ಅದೇ ಎಲೆಯ ಮೇಲೆ ಅದೇ ಗೀರು. ಇಸವಿ 1938.

ಮೇಜಿನ ಖಾನೆ ಎಳೆದೆ. ಲೋಹ ಉಜ್ಜುವ ಅವರ ಸಣ್ಣ ಅರಗಳು, ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇದ್ದವು. ಎಂಟರ ಕೆಳಸುತ್ತಿನಲ್ಲಿ ಎಡಗಡೆಯ ಒಂದು ಚೂರು ಹೋದರೆ ಒಂಬತ್ತು. ಅವರಿಗೆ ಅದು ಕಷ್ಟದ ಕೆಲಸವಲ್ಲ.

"ಶೌಕತ್ ಭಾಯಿ, ಒಳಗೆ ಬನ್ನಿ," ಅಂದೆ.

ಮೋಸ ಹೋದವರು ಅವರು, ಅವರಿಗೆ ಗೊತ್ತಾಗಬೇಕು ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಎದ್ದು ನಿಂತೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು.

"ಅರೆ ಸಿದ್ದು," ಅಂದರು, ಬಹಳ ಮೆತ್ತಗೆ. ಆಮೇಲೆ ತಿರುಗಿ ಕೋಣೆಯ ಬಾಗಿಲು ಮುಂದೆ ಮಾಡಿದರು.

"ಇದನ್ನ ಇನ್ಯಾರಿಗೆ ತೋರ್ಸಿದೀರಿ?"

"ಯಾರಿಗೂ ಇಲ್ಲ. ನಿಮಗೇ ಮೊದಲು."

"ನನಗೂ ತೋರ್ಸಿಲ್ಲ."

"ಅಂದರೆ?"

"ಈ ಮೂವತ್ತೆಂಟರ ಫೋಟೋ ಹೊರಗೆ ಹೋದ್ರೆ ಕಂಪನಿ ಬಾಗ್ಲು ಹಾಕ್ಕೊಳತ್ತೆ. ಮಾರ್ಕೆಟ್ಟಲ್ಲಿ, ಇಬ್ರೂ ಸೇರಿ ಮಾಡಿದಾರೆ, ಅವನು ಸತ್ತ, ಇವನು ಉಳ್ದ ಅಂತಾರೆ. ಮೂವತ್ತೊಂಬತ್ತರದು ಮಾತ್ರ ಸೀಡೀಲಿ ಹಾಕಿ ಕೊಡಿ. ಸಹಿ ಮಾಡಿ."

"ಗೊತ್ತಿದ್ದೂ?"

"ನಿಮಗೇನು ಗೊತ್ತು? ನೀವು ಕಾಲೇಜಿಗೆ ಹೋಗೋರು. ಎಂಟು, ಒಂಬತ್ತು ನಿಮಗ್ಯಾಕೆ?"

ಆ ಮನೆಯಲ್ಲಿ ನಿಜ ಬೇಕಾದವರು ಯಾರೂ ಇರಲಿಲ್ಲ. ನನಗೆ ಬೇಕಿತ್ತೇ ಎಂದು ಈಗಲೂ ಹೇಳಲಾರೆ. ಹೇಳಿಕೆಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ. ದಿವಂಗತ ನನ್ನ ಪತಿ ಈ ನಾಣ್ಯದಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ. ಕೆಳಗೆ ಪ್ರತಿಭಾ ಎಂದು ಸಹಿ ಹಾಕಿದೆ. ಶೌಕತ್ ಭಾಯಿ ಮಸಿ ಆರುವವರೆಗೆ ಕಾದು ಮಡಚಿಕೊಂಡರು. ಚಹಾ ಕುಡಿಯಲಿಲ್ಲ.

ಗೇಟಿನ ಹತ್ತಿರ ನಿಂತರು.

"ಅವನತ್ರ ಇನ್ನೂ ಏಳು ತಗೊಂಡಿದ್ದೆ. ಎಲ್ಲಾ ಸ್ಲ್ಯಾಬಲ್ಲೇ ಇವೆ. ನಾಲ್ಕು ಮಾರಿದೀನಿ, ನನ್ನ ನಾಲಿಗೆ ಮೇಲೆ."

"ಅವುಗಳ ಚಿತ್ರ ನೋಡಿ ಹೇಳಲೇ?"

"ಬೇಡ ಮೇಡಂ," ಅಂದರು. "ಒಡೀಬೇಡಿ ಅಂತ ಅವರಿಗೆಲ್ಲ ಹೇಳ್ತೀನಿ."

ಅವರು ಹೋದ ಮೇಲೆ ನೋಡಿದೆ. ಐದು ಸರಿಯಾಗಿದ್ದವು. ಎರಡರ ಇಸವಿ ಬದಲಾಗಿತ್ತು.

ಮಾರ್ಚಿನಲ್ಲಿ ಕಂಪನಿ ತನ್ನ ತಪ್ಪು ಒಪ್ಪಿಕೊಂಡಿತು. ಶೌಕತ್ ಭಾಯಿ ಫೋನಿನಲ್ಲಿ ಅಷ್ಟು ತಿಳಿಸಿ ಇಟ್ಟುಬಿಟ್ಟರು. ಮತ್ತೆ ಬರಲಿಲ್ಲ. ವರ್ಷದ ಕಾರ್ಯಕ್ಕೂ ಬರಲಿಲ್ಲ. ಅಂದು ಧಾರವಾಡ ಕಡೆಯಿಂದ ಬಂದ ನೆಂಟರು ನಡುಮನೆಯ ತುಂಬ ಕುಳಿತಿದ್ದರು. ಅತ್ತೆ ಒಬ್ಬೊಬ್ಬರಿಗೂ ಹೇಳಿದರು.

"ಅಮೆರಿಕಾದವ್ರು ಸುಳ್ಳ ಹೇಳಿದ್ರು ನೋಡ್ರಿ. ನನ್ನ ಮಗ ತಗದಿಟ್ಟ ಫೋಟೋ ನೋಡಿ, ತಪ್ಪು ನಮ್ದರೀ ಅಂತ ಬರಕೊಟ್ರು. ಸತ್ತ ಮ್ಯಾಲೂ ಗೆದ್ದ." ಆಮೇಲೆ ನನ್ನ ಕಡೆ ತಿರುಗಿದರು. "ಹೌದಲ್ಲೇನವಾ? ನೀನ ಫೋನಿನ್ಯಾಗ ಕೇಳಿ ಹೇಳಿದ್ದಿ."

"ಹೌದು ಅತ್ತೆ," ಅಂದೆ. ಮುಂದಿನ ಪಂಕ್ತಿಗೆ ಎಲೆ ಹಾಕತೊಡಗಿದೆ.