ಅಳತೆ ಮೇಷ್ಟ್ರ ಅಂಗಡಿ ಮುಚ್ಚಿದ ಮೇಲೆ

ಒಂದು ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಅಕ್ಕನ ಎಡಗಾಲಿನ ಶೂವಿನ ಅಟ್ಟೆ ಕಿತ್ತು ಬಂತು. ಬೇರೆಯವರಿಗಾದರೆ ಇದು ಅರ್ಧ ಗಂಟೆಯ ರಗಳೆ. ಅಕ್ಕನಿಗೆ ಹಾಗಲ್ಲ. ಹುಟ್ಟಿನಿಂದಲೇ ಅವಳ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಆ ಎರಡು ಬೆರಳಿನಷ್ಟು ದಪ್ಪದ ಅಟ್ಟೆ ಕೆಳಗಿದ್ದರೆ ಅವಳು ಎಲ್ಲರಂತೆ ನಡೆಯುತ್ತಾಳೆ. ಇಲ್ಲದಿದ್ದರೆ ಗೋಡೆ ಹಿಡಿದು ಹೋಗಬೇಕು.

ಬೀದಿಯವರೆಲ್ಲ ಅಕ್ಕ ಎಂದೇ ಕರೆಯುವ ಅವಳಿಗೆ ಐವತ್ತೆರಡು ವರ್ಷ. ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ. ಮನೆಯಲ್ಲಿ ಬಸ್ ಓಡಿಸುವ ತಮ್ಮ, ತಮ್ಮನ ಹೆಂಡತಿ, ಶಾಲೆಗೆ ಹೋಗುವ ಅವರ ಮಗಳು.

ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಕಿತ್ತ ಅಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಕುಂಟುತ್ತಾ ಹೊರಟಳು. ಮೂಲೆ ತಿರುಗಿ ಹಳದಿ ಬಾಗಿಲಿನ ಮುಂದೆ ನಿಂತ ಮೇಲೆಯೇ ಅವಳಿಗೆ ನೆನಪಾದದ್ದು, ಆ ಅಂಗಡಿ ಮುಚ್ಚಿ ಎಂಟು ತಿಂಗಳಾಗಿದೆ ಎಂದು. ನಲವತ್ತು ವರ್ಷಕ್ಕೂ ಮೀರಿದ ಅಭ್ಯಾಸ. ತಲೆ ಮರೆತರೂ ಕಾಲು ಕರೆದುಕೊಂಡು ಬಂದಿತ್ತು.

ಅದು ಶೂ ಹೊಲಿಯುವ ಒಬ್ಬರ ಅಂಗಡಿ. ಊರಿಗೆಲ್ಲ ಅವರು ಅಳತೆ ಮೇಷ್ಟ್ರು. ಬರೀ ಲೇಸು ಕೊಳ್ಳಲು ಹೋದವರನ್ನೂ ಕೂರಿಸಿ ಪಾದದ ಅಳತೆ ತೆಗೆಯುತ್ತಿದ್ದರು. ಅದಕ್ಕೇ ಆ ಹೆಸರು. ಗೋಡೆಯ ತುಂಬ, ಶೂ ಹೊಲಿಯುವ ಅಚ್ಚಿಗೆಂದು ಗಿರಾಕಿಗಳ ಅಳತೆಗೆ ಮರದಲ್ಲಿ ಕೆತ್ತಿದ ಪಾದಗಳು ಜೋಡಿ ಜೋಡಿಯಾಗಿ ನೇತಾಡುತ್ತಿದ್ದವು. ಒಂದೊಂದು ಜೋಡಿಗೂ ಪೆನ್ಸಿಲಿನಲ್ಲಿ ಬರೆದ ಹೆಸರು.

ಅಮ್ಮ ಅಲ್ಲಿಗೆ ಮೊದಲು ಕರೆದುಕೊಂಡು ಹೋದಾಗ ಅಕ್ಕನಿಗೆ ಒಂಬತ್ತು ವರ್ಷ. ಮೇಷ್ಟ್ರು ಎಡಗಾಲಿನ ಅಡಿಗೆ ಒಂದೊಂದೇ ಪದರ ಸೇರಿಸುತ್ತಾ, ಬಾಗಿಲಿನಿಂದ ಒಳಗೆ, ಒಳಗಿನಿಂದ ಬಾಗಿಲಿಗೆ ಅವಳನ್ನು ನಡೆಸಿದರು. ಅವರು ಕಾಲು ನೋಡುತ್ತಲೇ ಇರಲಿಲ್ಲ. ಭುಜ ನೋಡುತ್ತಿದ್ದರು. ಎರಡೂ ಭುಜ ಒಂದೇ ಸಮ ಬಂದ ಮೇಲೆ, ಸಾಕು, ಇನ್ನು ಓಡು ಮಗಳೇ ಎಂದರಂತೆ. ಅಂದು ಅಕ್ಕ ನಿಜವಾಗಿಯೂ ಓಡಿದಳು. ಅಮ್ಮ ಹಿಂದಿನಿಂದ ಕೂಗುತ್ತಿದ್ದರೂ ನಿಲ್ಲದೆ ನದಿಯ ಸೇತುವೆಯವರೆಗೆ ಓಡಿದಳು.

ಆಮೇಲೆ ಮುಖ್ಯರಸ್ತೆಯಲ್ಲಿ ದೊಡ್ಡ ಅಂಗಡಿ ಬಂತು. ಹತ್ತಾರು ಊರಲ್ಲಿ ಒಂದೇ ಬೋರ್ಡು ಹಾಕಿಕೊಂಡಿರುವ ಅಂಗಡಿ. ಗಾಜಿನ ಬಾಗಿಲು, ತಣ್ಣನೆ ಗಾಳಿ, ನೂರು ಬಗೆಯ ಶೂ, ಬೆಲೆಯೂ ಸ್ವಲ್ಪ ಕಡಿಮೆ. ತಮ್ಮ ಅಲ್ಲಿಗೆ ಹೋಗತೊಡಗಿದ. ಪಕ್ಕದ ಮನೆಯವರೂ ಹೋದರು. ಯಾರಿಗೂ ಮೇಷ್ಟ್ರ ಮೇಲೆ ಸಿಟ್ಟಿರಲಿಲ್ಲ. ಆದರೆ ಮೇಷ್ಟ್ರು ನಾಳೆ ಬನ್ನಿ ಎಂದರೆ ಆ ನಾಳೆ ಯಾವತ್ತು ಬರುತ್ತದೆ ಎಂದು ಮೇಷ್ಟ್ರಿಗೂ ಗೊತ್ತಿರುತ್ತಿರಲಿಲ್ಲ. ತಮ್ಮನ ಮಗಳ ಹುಟ್ಟುಹಬ್ಬಕ್ಕೆ ಮಿಣುಮಿಣು ದೀಪದ ಶೂ ಬೇಕೆಂದಾಗ ಅಕ್ಕ ತಾನೇ ಅದನ್ನು ದೊಡ್ಡ ಅಂಗಡಿಯಿಂದ ತಂದಿದ್ದಳು. ಹಳದಿ ಬಾಗಿಲಿನ ಮುಂದೆ ಹಾಯುವಾಗ ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಅಂಗಡಿ ಮುಚ್ಚುವ ಹಿಂದಿನ ದಿನ ಮೇಷ್ಟ್ರು ಗ್ರಂಥಾಲಯಕ್ಕೇ ಬಂದು ಅಕ್ಕನಿಗೆ ವಿಷಯ ತಿಳಿಸಿದರು. ಬಸ್ಸಿನಲ್ಲಿ ಎರಡು ತಾಸಿನ ಹಾದಿಯ ಊರಿನಲ್ಲಿ ಮಗಳ ಮನೆಯಿದೆ, ಅಲ್ಲಿಗೆ ಹೋಗುತ್ತೇನೆ ಎಂದರು. ಅಕ್ಕ ತಲೆಯಾಡಿಸಿದಳು. ಹೋಗಬೇಡಿ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಹೇಳುವ ಹಕ್ಕು ತನಗಿಲ್ಲ ಎನಿಸಿ ನುಂಗಿಕೊಂಡಳು.

ಅಟ್ಟೆ ಕಿತ್ತ ದಿನ ಸಂಜೆ ತಮ್ಮ ಅವಳನ್ನು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿಯ ಹುಡುಗಿ ತುಂಬ ಒಳ್ಳೆಯವಳು. ಮೊಣಕಾಲೂರಿ ಕೂತು ಏಳು ಜೋಡಿ ಹಾಕಿ ನೋಡಿದಳು. ಕೊನೆಗೆ ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ ಅಂತ ಬರುವುದೇ ಇಲ್ಲ, ಅಳತೆ ಹೇಳಿ ಮಾಡಿಸೋಣವೆಂದರೆ ಇಲ್ಲಿ ಹೊಲಿಯುವವರು ಯಾರೂ ಇಲ್ಲ ಎಂದು ಸಂಕೋಚದಿಂದ ಹೇಳಿದಳು. ಎರಡು ಮೆತ್ತೆ ಕೊಡುತ್ತೇನೆ, ಒಳಗೆ ಒಂದರ ಮೇಲೊಂದು ಇಟ್ಟುಕೊಳ್ಳಿ ಎಂದಳು. ತಮ್ಮ ಒಂದು ಜೋಡಿ ಶೂ ಜೊತೆಗೆ ಅವನ್ನೂ ಕೊಂಡು, ಕೆಲಸ ಮುಗಿಯಿತಲ್ಲ ಎಂದ.

ಮುಗಿಯಲಿಲ್ಲ. ಮೆತ್ತೆ ಒಳಗೊಳಗೇ ಜಾರುತ್ತಿತ್ತು, ಹಿಮ್ಮಡಿ ಶೂವಿನಿಂದ ಹೊರಗೇ ನಿಲ್ಲುತ್ತಿತ್ತು. ಮೂರು ವಾರದಲ್ಲಿ ಅಕ್ಕನಿಗೆ ಸೊಂಟ ಹಿಡಿಯಿತು. ಬೆಳಿಗ್ಗೆ ತಮ್ಮನ ಬಸ್ಸಿನಲ್ಲಿ ಹೋಗಿ ಗ್ರಂಥಾಲಯದ ಬಾಗಿಲಲ್ಲೇ ಇಳಿಯುವುದು, ಸಂಜೆ ಅದೇ ಬಸ್ಸಿನಲ್ಲಿ ಮನೆ. ಮೊದಲು ಅವಳು ಕೆಲಸ ಮುಗಿಸಿ ದಿನಾ ಸೇತುವೆಯವರೆಗೆ ನಡೆದು ಬರುತ್ತಿದ್ದಳು. ಅಲ್ಲಿ ಯಾರೂ ಪುಸ್ತಕ ಕೇಳುತ್ತಿರಲಿಲ್ಲ, ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ಕಂಬಿಗೆ ಮೊಣಕೈ ಊರಿ ನೀರು ನೋಡುವ ಆ ಹತ್ತು ನಿಮಿಷ ಅವಳದ್ದೇ ಆಗಿತ್ತು. ಈಗ ಅದೇ ಹೊತ್ತಿಗೆ ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಅಲ್ಲಿಂದ ಸೇತುವೆ ಕಾಣುವುದಿಲ್ಲ. ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತದೆ. ಆದರೂ ಆ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ತಮ್ಮನ ಹೆಂಡತಿ ಎರಡು ಸಲ ಮಾತಾಡಿಸಿದರೂ ಕೇಳಿಸುತ್ತಿರಲಿಲ್ಲ.

ಬೀದಿಯ ಕ್ಲಿನಿಕ್ಕಿನ ನರ್ಸಮ್ಮ ಒಂದು ಸಂಜೆ ನೋಡಲು ಬಂದರು. ಅಕ್ಕನನ್ನು ನಾಲ್ಕು ಹೆಜ್ಜೆ ನಡೆಸಿದರು. ಒಂದು ಕಾಲು ಗಿಡ್ಡವಾದರೆ ಸೊಂಟ ವಾಲುತ್ತದೆ, ಸೊಂಟ ವಾಲಿದರೆ ಬೆನ್ನು ಎಳೆಯುತ್ತದೆ, ಇದು ಮಾತ್ರೆಯಿಂದ ಹೋಗುವುದಲ್ಲ ಎಂದು ವಿವರಿಸಿದರು. ದೊಡ್ಡಾಸ್ಪತ್ರೆಯಲ್ಲಿ ಇಂಥ ಶೂ ಮಾಡಿಸಿಕೊಡುತ್ತಾರೆ, ಆದರೆ ಐದಾರು ತಿಂಗಳು ಕಾಯಬೇಕು ಎಂದೂ ಹೇಳಿದರು. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, ಮೇಷ್ಟ್ರು ಇದ್ದಿದ್ದರೆ ಒಂದು ವಾರದ ಕೆಲಸವಾಗಿತ್ತು ಎಂದರು.

ತಮ್ಮನಿಗೆ ಅದು ತನಗೇ ಹೇಳಿದಂತೆ ಚುಚ್ಚಿತು. ದೊಡ್ಡ ಅಂಗಡಿಯಲ್ಲಿ ಹೋದ ಕೂಡಲೇ ಸಾಮಾನು ಸಿಗುತ್ತದೆ, ಸರಿಯಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆ, ಮೇಷ್ಟ್ರು ಹೇಳಿದ ದಿನಕ್ಕೆ ಯಾವತ್ತಾದರೂ ಕೊಟ್ಟಿದ್ದಾರಾ ಎಂದು ವಾದಕ್ಕೆ ಇಳಿದ. ನರ್ಸಮ್ಮ ಒಂದೂ ಅಲ್ಲಗಳೆಯಲಿಲ್ಲ.

“ಹೋಗ್ಲಿ ಸಿಸ್ಟರ್,” ಎಂದ ತಮ್ಮ ಕೊನೆಗೆ, “ನಮ್ಮಕ್ಕ ವರ್ಷಕ್ಕೆ ಒಂದು ಜೋಡಿ ಶೂ ಮಾಡಿಸ್ತಾಳೆ. ಅವಳೊಬ್ಬಳಿಗೋಸ್ಕರ ಒಂದು ಅಂಗಡಿ ನಡೆಯೋದಕ್ಕೆ ಆಗುತ್ತಾ?”

“ಆಗಲ್ಲ ಡ್ರೈವರಣ್ಣ,” ಎಂದರು ನರ್ಸಮ್ಮ. “ಅದು ನಡೀತಿದ್ದದ್ದು ಅಕ್ಕನ ಶೂನಿಂದ ಅಲ್ಲ. ನಿಮ್ಮ ಶೂ, ನಿಮ್ಮ ಮಗಳ ಶೂ, ನಾನು ಹೊಲಿಗೆ ಹಾಕಿಸ್ತಿದ್ದ ಚಪ್ಪಲಿ, ಇವುಗಳಿಂದ. ನಮಗೆ ಅವರು ಇಲ್ಲದಿದ್ರೂ ನಡೀತಿತ್ತು. ಆದರೂ ನಾವೆಲ್ಲ ಹೋಗ್ತಿದ್ವಿ, ಅದಕ್ಕೇ ಅಕ್ಕನ ಕಾಲಿಗೆ ಅಂತ ಒಬ್ರು ಈ ಬೀದೀಲಿ ಉಳಿದಿದ್ರು. ನಾನೂ ಹೋಗೋದು ಬಿಟ್ಟೆ. ನಿಮ್ಮೊಬ್ಬರನ್ನೇ ಅಂತಿಲ್ಲ.”

ನರ್ಸಮ್ಮ ಹೋದ ಮೇಲೆ ತಮ್ಮ ಕಿಟಕಿಯ ಬಳಿ ಕೂತಿದ್ದ ಅಕ್ಕನ ಹತ್ತಿರ ಹೋಗಿ, ಇನ್ನೊಂದು ಅಂಗಡಿಯಲ್ಲಿ ವಿಚಾರಿಸೋಣ, ಒಳ್ಳೆಯ ಶೂ ಕೊಡಿಸುತ್ತೇನೆ ಎಂದ.

“ನನಗೆ ಶೂ ಬೇಡ ಕಣೋ,” ಎಂದಳು ಅಕ್ಕ. “ಸೇತುವೆವರೆಗೆ ಒಬ್ಬಳೇ ಹೋಗಿ ಬರಬೇಕು ಅನಿಸುತ್ತೆ. ಅಷ್ಟೇ.”

ಮುಂದಿನ ರಜೆಯ ದಿನ ತಮ್ಮ ಮೇಷ್ಟ್ರನ್ನು ಹುಡುಕಿಕೊಂಡು ಹೋದ. ಮಗಳ ಮನೆ ಮೂರನೇ ಮಹಡಿಯಲ್ಲಿತ್ತು. ಮೇಷ್ಟ್ರು ಬಾಲ್ಕನಿಯಲ್ಲಿ ಕೂತು ಮೊಮ್ಮಗಳ ಶಾಲೆಯ ಚೀಲಕ್ಕೆ ಪಟ್ಟಿ ಹೊಲಿಯುತ್ತಿದ್ದರು. ಆ ಚೀಲಕ್ಕೆ ಏನೂ ಆಗಿರಲಿಲ್ಲ. ಕೈ ಸುಮ್ಮನಿರುವುದಿಲ್ಲ, ಬಿಚ್ಚಿ ಬಿಚ್ಚಿ ಹೊಲಿಯುತ್ತಾರೆ ಎಂದು ಮಗಳು ಮೆಲ್ಲಗೆ ಹೇಳಿದಳು. ಮರದ ಪಾದಗಳನ್ನು ಬಡಗಿಯೊಬ್ಬನಿಗೆ ಕೊಟ್ಟುಬಿಟ್ಟಿದ್ದೇನೆ ಎಂದರು ಮೇಷ್ಟ್ರು. ಬೀದಿಯ ಸುದ್ದಿಯನ್ನೆಲ್ಲ ಒಂದೊಂದಾಗಿ ಕೇಳಿದರು: ಟೈಲರಮ್ಮನ ಕಣ್ಣು ಹೇಗಿದೆ, ಮೂಲೆಯ ನಲ್ಲಿ ಇನ್ನೂ ಸೋರುತ್ತದಾ, ಸಂಜೆ ಬಿಸಿಲು ಈಗಲೂ ಅಂಗಡಿಯ ಹೊಸ್ತಿಲವರೆಗೆ ಬರುತ್ತದಾ. ಆ ಬಿಸಿಲನ್ನು ತಮ್ಮ ಯಾವತ್ತೂ ಗಮನಿಸಿರಲಿಲ್ಲ.

ಅಕ್ಕನ ವಿಷಯ ಹೇಳಿದಾಗ ಮೇಷ್ಟ್ರು ಸೂಜಿ ಕೆಳಗಿಟ್ಟರು.

“ಅವಳ ಶೂ ಮಾಡಿಕೊಡ್ತೀನಪ್ಪಾ, ಅದಕ್ಕೆ ಕೇಳಬೇಕಾ,” ಎಂದರು. “ಆದರೆ ಕನಿಕರಕ್ಕೆ ಅಂಗಡಿ ತೆರೆಯೋಕೆ ಆಗಲ್ಲ. ಎಷ್ಟು ಕಾಲು ಬರುತ್ತವೆ, ಅದನ್ನ ಹೇಳು.”

ತಮ್ಮ ಊರಿಗೆ ಬಂದವನೇ ಬಸ್ ಡಿಪೋದಲ್ಲಿ ಮಾತೆತ್ತಿದ. ದಿನವಿಡೀ ಕ್ಲಚ್ಚು ತುಳಿಯುವ ಡ್ರೈವರುಗಳ ಎಡ ಶೂ ಎಲ್ಲರದ್ದೂ ಒಂದೇ ಜಾಗದಲ್ಲಿ ಸವೆದಿತ್ತು. ಅಲ್ಲಿಗೆ ಗಟ್ಟಿ ಚರ್ಮ ಹಾಕಿಸಿಕೊಳ್ಳಬಹುದು ಎಂದಾಗ ಹದಿನೇಳು ಜನ ಒಪ್ಪಿದರು. ನರ್ಸಮ್ಮ ಕೇಳಿದಾಗ, ಕ್ಲಿನಿಕ್ಕಿನಲ್ಲೂ ದೊಡ್ಡಾಸ್ಪತ್ರೆಯಲ್ಲೂ ದಿನವಿಡೀ ನಿಂತೇ ಇರುವ ನರ್ಸುಗಳು ಹನ್ನೊಂದು ಮಂದಿ ಬರುತ್ತೇವೆಂದರು. ಟೈಲರಮ್ಮ ತನ್ನ ಅಂಗಡಿಯ ಮುಂಭಾಗದ ಅರ್ಧ ಜಾಗ ಬಿಟ್ಟುಕೊಟ್ಟಳು. ಎಲ್ಲರೂ ಸೇರಿ ಮೇಷ್ಟ್ರಿಗೆ ಒಂದೇ ಷರತ್ತು ಹಾಕಿದರು: ಹೇಳಿದ ದಿನ ಕೊಡಬೇಕು, ಆಗದಿದ್ದರೆ ಆಗುವುದಿಲ್ಲ ಎಂದು ಮೊದಲೇ ಹೇಳಬೇಕು. ಮೇಷ್ಟ್ರು ತಲೆ ಕೆರೆದುಕೊಂಡು ಒಪ್ಪಿದರು. ಈಗ ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಬರುತ್ತಾರೆ. ನಾಳೆ ಎಂಬ ಮಾತು ಆಗಾಗ ಬಾಯಿ ತಪ್ಪಿ ಬರುತ್ತದೆ. ಟೈಲರಮ್ಮ ತಿರುಗಿ ನೋಡಿದರೆ ಸಾಕು, ಶುಕ್ರವಾರ ಎಂದು ತಿದ್ದಿಕೊಳ್ಳುತ್ತಾರೆ.

ಅಕ್ಕನ ಹೊಸ ಶೂ ನಾಲ್ಕನೇ ಸಲಕ್ಕೆ ಸರಿಹೋಯಿತು. ಹಳೆಯ ಅಚ್ಚು ಇದ್ದಿದ್ದರೂ ಪ್ರಯೋಜನವಿರಲಿಲ್ಲ, ನಿನ್ನ ಪಾದಕ್ಕೂ ವಯಸ್ಸಾಗಿದೆ ಎಂದರು ಮೇಷ್ಟ್ರು. ಎಲ್ಲವೂ ಮೊದಲಿನಂತಾಗಲಿಲ್ಲ. ಅಷ್ಟು ದಿನ ವಾಲಿಕೊಂಡು ನಡೆದ ಸೊಂಟ ಇನ್ನೂ ನೋಯುತ್ತದೆ. ಸಂಜೆ ಅವಳು ಸೇತುವೆಯ ಅರ್ಧ ದಾರಿಯವರೆಗೆ ಹೋಗಿ ಒಂದು ಕಟ್ಟೆಯ ಮೇಲೆ ಕೂರುತ್ತಾಳೆ. ಅಲ್ಲಿಗೆ ನೀರಿನ ಸದ್ದು ಕೇಳಿಸುತ್ತದೆ, ನೀರು ಕಾಣಿಸುವುದಿಲ್ಲ. ಚಳಿ ಕಳೆಯುವುದರೊಳಗೆ ಪೂರ್ತಿ ಹೋಗಬಲ್ಲೆ ಎಂದು ನರ್ಸಮ್ಮನಿಗೆ ಹೇಳಿದ್ದಾಳೆ. ತಮ್ಮ ಜೊತೆಗೆ ಬರುತ್ತೇನೆಂದರೆ ಬೇಡ ಎನ್ನುತ್ತಾಳೆ.

ಆ ಮನೆಯವರು ಈಗಲೂ ದೊಡ್ಡ ಅಂಗಡಿಗೆ ಹೋಗುತ್ತಾರೆ. ಆದರೆ ಬೀದಿಯಲ್ಲೇ ಸಿಗುವುದನ್ನು ಮೊದಲು ಬೀದಿಯಲ್ಲಿ ಕೇಳುತ್ತಾರೆ. ತಮ್ಮನ ಮಗಳ ಈ ವರ್ಷದ ಶಾಲೆಯ ಶೂ ಮೇಷ್ಟ್ರೇ ಹೊಲಿದದ್ದು.

ಇದನ್ನು ಓದುತ್ತಿರುವ, ಗುಂಪಿನಲ್ಲಿ ಕೂತು ಕೇಳುತ್ತಿರುವ ನಿಮ್ಮಲ್ಲಿ ನಮ್ಮದೊಂದು ಮಾತು. ದೊಡ್ಡ ಅಂಗಡಿಯ ಮೆಟ್ಟಿಲು ತುಳಿಯಬೇಡಿ ಎಂದು ನಾವು ಹೇಳುವುದಿಲ್ಲ. ಅಲ್ಲಿ ದುಡಿಯುವವರೂ ನಮ್ಮ ನಿಮ್ಮ ಮನೆಯ ಮಕ್ಕಳೇ. ಆದರೆ ಈ ವಾರ ನಿಮ್ಮ ಬೀದಿಯಲ್ಲಿ ಒಮ್ಮೆ ನಿಧಾನವಾಗಿ ನಡೆದು ನೋಡಿ. ಗಡಿಯಾರ ಬಿಚ್ಚಿ ಸರಿಮಾಡುವವರು, ಕನ್ನಡಕದ ಕಡ್ಡಿ ಕೂರಿಸುವವರು, ನಿಮ್ಮ ಅಜ್ಜಿಯ ಮಾತ್ರೆಯನ್ನು ಬಣ್ಣದಲ್ಲೇ ಗುರುತಿಸುವವರು ಯಾರು ಉಳಿದಿದ್ದಾರೆ ನೋಡಿ. ತಿಂಗಳಿಗೆ ಒಂದೆರಡು ಸಾಮಾನನ್ನಾದರೂ ಅವರಲ್ಲಿ ಕೊಳ್ಳಿ. ಅವರು ತಡಮಾಡಿದರೆ, ಸಾಮಾನು ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳಿ. ಹೇಳದೆ ಬಿಟ್ಟು ಹೋಗಬೇಡಿ. ಆ ಅಂಗಡಿಯಿಂದ ಇವತ್ತು ನಿಮಗೆ ಹೆಚ್ಚೇನೂ ಬೇಕಿಲ್ಲದಿರಬಹುದು. ಆದರೆ ನಿಮ್ಮ ಪಕ್ಕದ ಮನೆಯಲ್ಲೇ ಒಬ್ಬರಿಗೆ ಅದನ್ನು ಬಿಟ್ಟರೆ ಬೇರೆ ದಿಕ್ಕಿಲ್ಲದಿರಬಹುದು. ಅವರು ಅದನ್ನು ನಿಮಗೆ ಹೇಳಿರುವುದಿಲ್ಲ.