ಹತ್ತು ಗಂಟೆಗೆ ಹತ್ತು ಚೀಟಿ

ವಿಲನ್ ಎಂಟ್ರಿಗೆ ಒಂದು ಲೆಕ್ಕ ಇರುತ್ತದೆ. ಮೊದಲು ಬೂಟು, ಆಮೇಲೆ ಕೈಗಡಿಯಾರ, ಕೊನೆಗೆ ಮುಖ. ಆ ದಿನ ನಮ್ಮ ಮನೆ ಬಾಗಿಲಲ್ಲಿ ನಿಂತವನದು ಮೊದಲು ಹೊಟ್ಟೆ ಬಂತು, ಹೊಟ್ಟೆಯ ಮೇಲೆ ಕಂಪನಿಯ ಲೋಗೋ ಬಂತು. ಅಂಗಿಯ ಮೇಲೆ ಲೋಗೋ, ಚೀಲದ ಮೇಲೆ ಲೋಗೋ, ಕೈಯಲ್ಲಿದ್ದ ನೀರಿನ ಬಾಟಲಿಯ ಮೇಲೂ ಲೋಗೋ. ಹಾಗಾಗಿ ನಾನು ಅವನಿಗಿಟ್ಟ ಹೆಸರೇ ಲೋಗೋ. ಈ ಹೆಸರು ನಮ್ಮ ಮನೆಯೊಳಗೆ ಮಾತ್ರ ಓಡುತ್ತಿತ್ತು. ಒಂದು ಕಾಲದಲ್ಲಿ ಇವನನ್ನೇ ಅಣ್ಣಾ ಅಣ್ಣಾ ಎಂದು ಹಿಂದೆ ಸುತ್ತುತ್ತಿದ್ದೆ ಅನ್ನುವುದು ನೆನಪಾದರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಅವನೂ ನನ್ನ ಅಕ್ಕನೂ ಒಂದೇ ಕ್ಲಾಸಿನವರು. ಓದು ಮುಗಿದ ವರ್ಷ ಇಬ್ಬರೂ ಸೇರಿ ಕಾಲೇಜಿನ ಹಳೆಯ ಹಾಲ್‌ನಲ್ಲಿ ವರ್ಷಕ್ಕೊಂದು ಭಾನುವಾರದ ಕೂಟ ಶುರು ಮಾಡಿದ್ದರು. ಕಂಪ್ಯೂಟರು, ಯಂತ್ರ, ಫೋನು ಇಂಥವುಗಳ ಸಮ್ಮೇಳನ. ಆದರೆ ಮುಖ್ಯ ಅತಿಥಿ ಇಲ್ಲ, ಹಾರ ಇಲ್ಲ, ಅಚ್ಚು ಹಾಕಿಸಿದ ಕಾರ್ಯಕ್ರಮ ಪಟ್ಟಿ ಇಲ್ಲ. ಬೆಳಿಗ್ಗೆ ಗೋಡೆಗೆ ದೊಡ್ಡದೊಂದು ಕಂದು ಕಾಗದ ಅಂಟಿಸುತ್ತಾರೆ. ಮೂರು ಕೋಣೆ, ಆರು ತಾಸು, ಒಟ್ಟು ಹದಿನೆಂಟು ಖಾಲಿ ಚೌಕ. ಏನಾದರೂ ಗೊತ್ತಿದ್ದವರು ಚೀಟಿ ಬರೆದು ಚೌಕಕ್ಕೆ ಅಂಟಿಸಿದರೆ ಅದೇ ಪಾಠ, ಅವರೇ ಮೇಷ್ಟ್ರು. ಕೇಳುವವರಿಗೆ ಇರುವುದು ಕಾಲಿನ ನಿಯಮ: ಇಲ್ಲಿ ನಾನು ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಅನ್ನಿಸಿದರೆ ಎದ್ದು ನಡೆಯಬಹುದು, ಮಾತಾಡುತ್ತಿರುವವರು ಮುಖ ಊದಿಸುವಂತಿಲ್ಲ. ಇನ್ನೊಂದು ನಿಯಮ, ಹಾಲ್ ಬಳಸಿದವರೇ ಕುರ್ಚಿ ಮಡಚಬೇಕು.

ಮೂರು ವರ್ಷ ಕುರ್ಚಿ ಮಡಚಿ ಅವನು ಕಂಪನಿ ಸೇರಿ ಮಾಯವಾದ. ಅಕ್ಕ ಅದೇ ಕಾಲೇಜಿನ ಲ್ಯಾಬಿನಲ್ಲಿ ಕೆಟ್ಟ ಯಂತ್ರಗಳ ಹೊಟ್ಟೆ ಬಿಚ್ಚುತ್ತಾ ಉಳಿದಳು, ಕೂಟವನ್ನು ಹನ್ನೊಂದು ವರ್ಷ ಎಳೆದಳು. ಈಗ ಅವನು ಪ್ರಾಯೋಜಕನಾಗಿ ವಾಪಸು ಬಂದಿದ್ದ. ಹಾಲ್ ಕೇಳಿ ಕಾಲೇಜಿಗೆ ಕೊಟ್ಟ ಹಳೆಯ ಪತ್ರದಲ್ಲಿ ಇಬ್ಬರ ಸಹಿಯೂ ಇತ್ತು, ಹಾಗಾಗಿ ಬರಬೇಡ ಅನ್ನುವಂತಿರಲಿಲ್ಲ.

ಬಂದವನು ಒಂದು ಪಟ್ಟಿ ಚಾಚಿದ. ಬಣ್ಣದ ಅಚ್ಚು. ಹತ್ತಕ್ಕೆ ಅವನ ಭಾಷಣ, ಅದಾದ ಮೇಲೆ ಅವನ ಕಂಪನಿಯ ನಾಲ್ಕು ಭಾಷಣ, ಸಂಜೆ ಎಲ್ಲರೂ ಎದ್ದು ಹೋಗುವ ಹೊತ್ತಿಗೆ ಅರ್ಧ ಗಂಟೆ ಗೋಡೆಯ ಚೀಟಿಗಳಿಗೆ. ಈಗಾಗಲೇ ಎಲ್ಲರಿಗೂ ಮೇಲ್ ಕಳಿಸಿಯಾಗಿದೆ, ನಿನಗೂ ಒಂದು ಮಾತು ಹೇಳೋಣ ಅಂತ ಬಂದೆ ಎಂದ. ಅಕ್ಕ ಫ್ಯಾನಿನ ರೆಗ್ಯುಲೇಟರ್ ಬಿಚ್ಚುತ್ತಾ ಕೂತಿದ್ದಳು. ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ.

"ಗೋಡೆ ನಂಬ್ಕೊಂಡು ಯಾರು ಬರ್ತಾರೆ ಈಗ? ಹೋದ ವರ್ಷ ಎಂಟೇ ಚೀಟಿ. ಎಣಿಸಿದೀನಿ ನಾನು."

"ನೀನು ಬಂದೇ ಇರ್ಲಿಲ್ಲ."

"ಫೋಟೋದಲ್ಲಿ ಎಣಿಸ್ದೆ."

ಅಕ್ಕ ಒಂದು ಸ್ಕ್ರೂ ತೆಗೆದು ಮುಚ್ಚಳದಲ್ಲಿಟ್ಟಳು. "ಸರಿ. ಹತ್ತು ಗಂಟೆಗೆ ಹತ್ತು ಚೀಟಿ. ಇದ್ರೆ ನಿನ್ನ ಪಟ್ಟಿ ನೀನೇ ಹರಿದು ಹಾಕ್ಬೇಕು. ಇಲ್ದಿದ್ರೆ ಹಾಲ್ ನಿಂದು, ಕೂಟದ ಹೆಸರೂ ನಿಂದು. ಎತ್ಕೊಂಡು ಹೋಗು."

ಇಂಥ ಮಾತಿನ ಮೇಲೆ ಇಂಟರ್ವಲ್ ಬೀಳಬೇಕು. ನಾನು ಶಿಳ್ಳೆ ಹೊಡೆದೆ. ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದೇ ಥರ ನೋಡಿದರು.

ಭಾನುವಾರ ಒಂಬತ್ತಕ್ಕೆಲ್ಲ ಹಾಲಿನ ಬಾಗಿಲಲ್ಲಿ ಅವನ ಬ್ಯಾನರ್ ನಿಂತಿತ್ತು. ಅವನ ಕಂಪನಿಯ ನಾಲ್ಕು ಜನ ಬಂದವರ ಕೊರಳಿಗೆಲ್ಲ ಚೀಲ ತೂಗುಹಾಕಿ, ಕೈಗೆ ಪಟ್ಟಿ ತುರುಕುತ್ತಿದ್ದರು. ಪಟ್ಟಿ ಸಿಕ್ಕವರು ಗೋಡೆಯ ಕಡೆ ತಿರುಗಿಯೂ ನೋಡದೆ ಕುರ್ಚಿ ಹಿಡಿಯುತ್ತಿದ್ದರು. ಒಂಬತ್ತೂಕಾಲಿಗೆ ಕಂದು ಕಾಗದದ ಮೇಲೆ ನಾಲ್ಕು ಚೀಟಿ. ಅಕ್ಕ ಗೋಡೆ ಪಕ್ಕದ ಮೇಜಿನಲ್ಲಿ ಪೆನ್ನುಗಳನ್ನು ಜೋಡಿಸುತ್ತಿದ್ದಳು. ಕೆಂಪು, ನೀಲಿ, ಕೆಂಪು, ನೀಲಿ. ಜೋಡಿಸಿ ಮುಗಿದ ಮೇಲೆ ಕಲಸಿ, ಮತ್ತೆ ಜೋಡಿಸಿದಳು. ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದರೂ ತಲೆ ಕೆಡಿಸಿಕೊಳ್ಳದವಳು ಪೆನ್ನಿನ ಬಣ್ಣ ನೋಡುತ್ತಿದ್ದಳು.

ಲೋಗೋ ಬಂದು, ಪ್ರೊಜೆಕ್ಟರ್ ಕೈಕೊಡ್ತಿದೆ, ಸ್ವಲ್ಪ ನೋಡ್ತೀಯಾ ಎಂದು ಅಕ್ಕನನ್ನೇ ಕರೆದುಕೊಂಡು ಹೋದ. ಆ ಧೈರ್ಯ ನೋಡಿ ನನಗೆ ಮೈಯೆಲ್ಲ ಉರಿಯಿತು. ಹೀರೋ ಎದ್ದು ನಿಲ್ಲಬೇಕಾದ ಜಾಗ ಇದೇ ಎಂದು ಹಿನ್ನೆಲೆ ಸಂಗೀತ ಕೇಳಿಸತೊಡಗಿತು. ಒಂದು ಕಟ್ಟು ಚೀಟಿ, ಮೂರು ಪೆನ್ನು ಜೇಬಿಗಿಳಿಸಿ ಟಾಯ್ಲೆಟ್ಟಿಗೆ ನುಗ್ಗಿದೆ.

ಬಲಗೈಯಲ್ಲಿ ಐದು, ಎಡಗೈಯಲ್ಲಿ ಐದು, ಪೆನ್ನು ಮುಷ್ಟಿಯಲ್ಲಿ ಹಿಡಿದು ಮಿಕ್ಕವು. ಪ್ರಿಂಟರ್ ಜೊತೆ ಶಾಂತಿ ಒಪ್ಪಂದ. ಪಾಸ್‌ವರ್ಡ್ ಮರೆತವರ ಮಹಾಸಂಗಮ. ಸತ್ತ ಬ್ಯಾಟರಿಗೆ ಮರುಜನ್ಮ. ಕೆಳಗೆ ಬಾಯಿಗೆ ಬಂದ ಹೆಸರು, ಕೈಗೆ ಬಂದ ಸಹಿ. ನಾಲ್ಕು ಇದ್ದವು, ಆರು ಸಾಕಿತ್ತು. ಆದರೆ ಬಿಲ್ಡಪ್ ಬೇಕಲ್ಲ. ಎಂಟೇ ಚೀಟಿ ಎಂದವನ ಮುಖಕ್ಕೆ ಹದಿನೆಂಟು ಹೊಡೆದರೆ ಆ ಮುಖ ಹೇಗಾಗಬಹುದು ಎಂದು ನೆನೆದು ನಗುತ್ತಾ ಹದಿನಾಲ್ಕು ಬರೆದೆ. ಯಾರೂ ನೋಡದಾಗ ಎಲ್ಲವನ್ನೂ ಅಂಟಿಸಿ ಟೀ ಡ್ರಮ್ಮಿನ ಹಿಂದೆ ಮರೆಯಾದೆ.

ಅಕ್ಕ ವಾಪಸು ಬಂದು ಗೋಡೆ ನೋಡಿದಳು. ಒಂದು ಚೀಟಿಯ ಮೂಲೆಯನ್ನು ಬೆರಳಿನಿಂದ ಒತ್ತಿದಳು. ಆಮೇಲೆ ಮುಖ ತೊಳೆಯಲು ಹೋದಳು, ಬಹಳ ಹೊತ್ತು ಬರಲಿಲ್ಲ.

ಅಷ್ಟರಲ್ಲಿ ಬಸ್ಸುಗಳು ಬಂದು ಜನ ದಪದಪ ಇಳಿದರು. ನಾನು ಟೀ ತುಂಬಿಸುತ್ತಾ ನೋಡುತ್ತಿದ್ದೆ. ಪ್ರತಿವರ್ಷ ಬರುವ ಲಿಫ್ಟ್ ಮೆಕ್ಯಾನಿಕ್ ಬ್ಯಾನರ್‌ನವರು ಚಾಚಿದ ಚೀಲವನ್ನು ತಳ್ಳಿ ನೇರ ಗೋಡೆಯ ಬಳಿ ಹೋದರು. ಮೇಲಿಂದ ಕೆಳಗೆ ಓದಿದರು, ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋಗಿ ಕೂತರು. ದೊಡ್ಡಾಸ್ಪತ್ರೆಯ ನರ್ಸಮ್ಮ ಬಂದು ನಿಂತರು, ಅವರೂ ಹಾಗೇ ಹೋದರು. ಅವರ ಹಿಂದೆ ಇನ್ನಷ್ಟು ಜನ. ಎಲ್ಲರೂ ನನ್ನ ಸಾಹಿತ್ಯ ಓದುತ್ತಿದ್ದಾರೆ ಎಂದು ಎದೆ ಉಬ್ಬಿಸಿದೆ.

ಹತ್ತಾಯಿತು. ಏಳು ವರ್ಷದಿಂದ ಹತ್ತು ಗಂಟೆಗೆ ನಾನು ಡ್ರಮ್ಮಿನ ಬಳಿ ಲೋಟ ತೊಳೆಯುತ್ತಿರುತ್ತೇನೆ. ಹಾಲಿನೊಳಗೆ ಏನು ನಡೆಯುತ್ತದೆ ಎಂದು ಒಮ್ಮೆಯೂ ಇಣುಕಿದವನಲ್ಲ. ಈ ಸಲ ಲೋಗೋನ ಮುಖ ನೋಡಬೇಕಿತ್ತು, ಅದಕ್ಕೇ ಮೊದಲ ಸಾಲಿನಲ್ಲಿ ಕೂತೆ. ಅಕ್ಕ ಮೈಕ್ ಹಿಡಿದು, ಒಂದೊಂದೇ ಚೀಟಿ ಓದ್ತೀನಿ, ಬರೆದವರು ಎದ್ದು ಒಂದೇ ಒಂದು ವಾಕ್ಯ ಹೇಳಿ ಎಂದಳು.

ನಾನು ಕುರ್ಚಿಯಲ್ಲೇ ಕೆಳಕ್ಕೆ ಜಾರಿದೆ.

ನಾಲ್ಕು ಜನ ಎದ್ದರು, ನಾಲ್ಕು ವಾಕ್ಯ ಹೇಳಿದರು. ಐದನೆಯದು ಪ್ರಿಂಟರ್ ಜೊತೆ ಶಾಂತಿ ಒಪ್ಪಂದ. ಯಾರೂ ಏಳಲಿಲ್ಲ. ಆರನೆಯದು, ಏಳನೆಯದು. ಎಂಟಕ್ಕೆ ಹಿಂದಿನಿಂದ ಯಾರೋ ನಕ್ಕರು. ಅಕ್ಕನ ದನಿ ಒಂದೊಂದು ಚೀಟಿಗೂ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಕಂಬಕ್ಕೊರಗಿದ್ದ ಲೋಗೋ ಹಲ್ಲು ಬಿಡಲಿಲ್ಲ, ಕೈಕಟ್ಟಿ ನಿಂತಿದ್ದ. ಅದು ಇನ್ನೂ ಕೆಟ್ಟದಾಗಿತ್ತು.

ಒಂಬತ್ತನೆಯದನ್ನು ಅಕ್ಕ ಓದಲು ಬಾಯಿ ತೆರೆದು, ಓದದೆ ನಿಂತಳು. ಅದರಲ್ಲಿ ನಾನು ಬರೆದಿದ್ದದ್ದು, ಲೋಗೋ ಇಲ್ಲದೆ ಬದುಕುವುದು ಹೇಗೆ.

"ಎದ್ದೇಳು," ಎಂದಳು ಮೈಕಿನಲ್ಲೇ. ಯಾರಿಗೆ ಎಂದು ಹೇಳಲಿಲ್ಲ. ನಾನು ಎದ್ದೆ.

"ಎಷ್ಟು?"

"ಹದ್ನಾಲ್ಕು."

ಹದಿನಾಲ್ಕನ್ನೂ ಒಂದೊಂದಾಗಿ ಕಿತ್ತಳು. ಮೈಕ್ ಇನ್ನೂ ಕೈಯಲ್ಲೇ ಇತ್ತು, ಅಂಟು ಬಿಡುವ ಸದ್ದು ಹದಿನಾಲ್ಕು ಸಲ ಇಡೀ ಹಾಲಿಗೆ ಕೇಳಿಸಿತು. ಗೋಡೆಯ ಮೇಲೆ ನಾಲ್ಕು ಉಳಿದವು.

"ಹತ್ತು ಗಂಟೆ ಏಳು ನಿಮಿಷ," ಎಂದ ಲೋಗೋ, ಗಡಿಯಾರ ನೋಡಿ.

ಲಿಫ್ಟ್ ಮೆಕ್ಯಾನಿಕ್ ಎದ್ದು ಜೇಬಿನಿಂದ ಕಾಗದ ತೆಗೆದರು. ಲಿಫ್ಟ್ ಎರಡು ಮಹಡಿಯ ನಡುವೆ ನಿಂತಾಗ ಅದರ ಕಂಪ್ಯೂಟರ್ ಏನು ಯೋಚಿಸ್ತಿರುತ್ತೆ ಅಂತ ಹೇಳೋಕೆ ಬಂದೆ, ಗೋಡೆ ತುಂಬಿತ್ತು, ಮುಂದಿನ ವರ್ಷ ನೋಡೋಣ ಅಂತ ಸುಮ್ನೆ ಕೂತೆ ಎಂದರು. ನರ್ಸಮ್ಮನ ಬ್ಯಾಗಿನಿಂದ ಇನ್ನೊಂದು ಬಂತು: ವಾರ್ಡಿನಿಂದ ಕಾಣೆಯಾಗುವ ಗಾಲಿಕುರ್ಚಿಗಳನ್ನು ಫೋನಿನಲ್ಲೇ ಹುಡುಕುವುದು. ಅಲ್ಲೊಂದು ಕೈ, ಇಲ್ಲೊಂದು ಕೈ. ಒಂಬತ್ತು ಚೀಟಿ. ನಾನು ಒಂದು ಚೀಟಿಯನ್ನೂ ಬರೆಯದೆ ಲೋಟ ತೊಳೆದುಕೊಂಡಿದ್ದರೆ ಹತ್ತು ಗಂಟೆಗೆ ಹದಿಮೂರು ಇರುತ್ತಿದ್ದವು.

ಜನ ಲೋಗೋನ ಮೇಲೆ ಎರಗಿದರು. ಏಳು ನಿಮಿಷಕ್ಕೆ ಪ್ರಾಣ ಹೋಗುತ್ತಾ ಎಂದರು, ಚೀಲ ಕೊಟ್ಟು ಕೂಟ ಕೊಂಡ್ಕೊಳ್ಳೋಕೆ ಬಂದಿದ್ದೀಯಾ ಎಂದರು. ಒಬ್ಬರು ಚೀಲವನ್ನು ಅವನ ಕಾಲ ಬುಡಕ್ಕೇ ಒಗೆದರು. ಅವನು ಚೀಲವನ್ನು ದಾಟಿ ಮುಂದೆ ಬಂದ. ಅಕ್ಕನಿಗೆ ಮಾತ್ರ ಹೇಳಿದ.

"ಮೋಸ ಮಾಡಿದ್ದು ನಿನ್ನ ತಮ್ಮ. ನಾನಲ್ಲ."

ನಿಜ. ಅದಕ್ಕೇ ಅವನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಮೇಲ್ ಕಳಿಸಿ ಜನರ ದಾರಿ ತಪ್ಪಿಸಿದ್ದು ಯಾರು ಎಂದು ನಾನು ಗಂಟಲು ಏರಿಸಿದೆ. ಅಕ್ಕ ನನ್ನ ಕಡೆ ತಿರುಗದೆಯೇ, "ನೀನು ಬಾಯಿ ಮುಚ್ಚು," ಎಂದಳು.

ಮೈಕ್ ಅವನ ಕೈಗಿತ್ತಳು. ಹಾಲ್ ನಿಂದು, ಹೆಸರೂ ನಿಂದು, ಎಂದಳು. ಆಮೇಲೆ ಕುರ್ಚಿ ಹತ್ತಿ ಕಂದು ಕಾಗದದ ಟೇಪು ಬಿಡಿಸಿದಳು, ಚೀಟಿ ಉದುರದಂತೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

"ಕಾಲಿನ ನಿಯಮ ಎಲ್ರಿಗೂ ಗೊತ್ತಲ್ಲ," ಎಂದು ಹೊರಗೆ ನಡೆದಳು.

ನೂರಿಪ್ಪತ್ತು ಕುರ್ಚಿ ಒಟ್ಟಿಗೆ ಕಿರ್ ಅಂದವು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಅವನ ಕಂಪನಿಯ ನಾಲ್ವರು ಕೂಡ, ಬ್ಯಾನರ್ ಗಾಳಿಗೆ ಬೀಳ್ತಿದೆ ಸರ್ ಎಂದು ಜಾರಿಕೊಂಡರು. ನಾನು ಎಲ್ಲರ ಹಿಂದೆ ಬಾಗಿಲಿಗೆ ಬಂದರೆ ಅಕ್ಕ ಅಡ್ಡ ನಿಂತಿದ್ದಳು.

"ನೀನೆಲ್ಲಿಗೆ?"

"ಅಕ್ಕ, ಕಾಲಿನ ನಿಯಮ..."

"ಅದು ಕಲಿಯೋಕೆ ಬಂದವ್ರಿಗೆ. ಅವ್ನು ಗೆದ್ದಿದ್ದು ನಿನ್ನಿಂದ. ಹೋಗಿ ಕೂತ್ಕೊಂಡು ಪೂರ್ತಿ ಕೇಳು. ಒಂದು ಸ್ಲೈಡ್ ಬಿಟ್ರೂ ಮನೆಗೆ ಬರ್ಬೇಡ."

ಹೀಗೆ ನಾನು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತೆ. ಎದುರಿಗೆ ಅವನು. ನಡುವೆ ಪ್ರೊಜೆಕ್ಟರಿನ ಬೆಳಕಲ್ಲಿ ಧೂಳು.

"ಎದ್ದು ಹೋಗು," ಎಂದ.

"ಅಕ್ಕ ಬೇಡ ಅಂದಿದಾಳೆ."

ಅವನು ಶುರು ಮಾಡಿದ. ಒಬ್ಬನಿದ್ದರೂ ಮಾತಾಡಿದ. ಬಹುಶಃ ಒಬ್ಬನಿದ್ದದ್ದರಿಂದಲೇ, ಒಂದಕ್ಷರವನ್ನೂ ಬಿಡದೆ ಮಾತಾಡಿದ. ಐವತ್ತೆರಡು ಸ್ಲೈಡ್. ನಾನು ರೆಪ್ಪೆ ಹೊಡೆಯದೆ ಅವನನ್ನೇ ನೋಡಿದೆ, ಅವನು ನನ್ನ ತಲೆಯ ಮೇಲಿನ ಗೋಡೆ ನೋಡಿಕೊಂಡು ಮಾತಾಡಿದ. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಕಂದು ಕಾಗದ ಏರಿದ್ದು ಕಾಣುತ್ತಿತ್ತು. ಲಿಫ್ಟ್ ಮೆಕ್ಯಾನಿಕ್ ಕೈಯನ್ನು ಮೇಲೆ ಕೆಳಗೆ ಆಡಿಸುತ್ತಾ ಏನೋ ಹೇಳುತ್ತಿದ್ದರು. ಸುತ್ತ ನಿಂತವರು ಗೊಳ್ಳೆಂದರು. ಆ ನಗು ಹಾಲಿಗೆ ಬಂದಾಗಲೆಲ್ಲ ಅವನು ದನಿ ಏರಿಸಿದ.

ಹತ್ತೊಂಬತ್ತನೆಯ ಸ್ಲೈಡಿನ ಹೆಸರು ನಮ್ಮ ಪಯಣ. ಮೊದಲ ವರ್ಷದ ಫೋಟೋ, ಇದೇ ಹಾಲ್. ಎರಡು ಕೈಯಲ್ಲಿ ಎರಡು ಮಡಚಿದ ಕುರ್ಚಿ ಹಿಡಿದು ತೆಳ್ಳಗಿನ ಲೋಗೋ ನಗುತ್ತಿದ್ದಾನೆ. ಪಕ್ಕದವರನ್ನು ಕತ್ತರಿಸಿದ್ದಾನೆ, ಒಂದು ಮೊಣಕೈ ಮಾತ್ರ ಉಳಿದಿದೆ. ಮೊಣಕೈಯ ಕೆಳಗೆ ಉದ್ದಕ್ಕೆ ಸುಟ್ಟ ಕಲೆ. ಬೆಸುಗೆ ಹಾಕುವ ಕಡ್ಡಿ ತಾಗಿ ಆ ಕಲೆ ಆದ ದಿನ ನಾನು ಮನೆಯಲ್ಲೇ ಇದ್ದೆ, ಮುಲಾಮು ಹುಡುಕಿ ಕೊಟ್ಟವನು ನಾನು.

ಐವತ್ತೆರಡೂ ಮುಗಿದವು. ಅಭ್ಯಾಸಬಲದಿಂದ, "ಪ್ರಶ್ನೆಗಳು?" ಎಂದುಬಿಟ್ಟ. ನಾನು ಕೈ ಎತ್ತಿದೆ.

"ಹತ್ತೊಂಬತ್ತನೇ ಸ್ಲೈಡಲ್ಲಿರೋ ಮೊಣಕೈ ಯಾರ್ದು?"

ಅವನು ಲ್ಯಾಪ್‌ಟಾಪ್ ಮುಚ್ಚಿದ. ವೈರು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನಾನು ಎದ್ದು ನನ್ನ ಕುರ್ಚಿ ಮಡಚಿ ಗೋಡೆಗೆ ಒರಗಿಸಿದೆ.

"ಮಿಕ್ಕಿದ್ದು?" ಎಂದ.

"ಹಾಲ್ ನಿಂದು," ಎಂದು ಹೇಳಿ ಹೊರಗೆ ಬಂದೆ.

ಸೈಕಲ್ ಸ್ಟ್ಯಾಂಡಿನಲ್ಲಿ ಅಕ್ಕ ನನ್ನನ್ನು ನೋಡಿಯೂ ನೋಡದವಳಂತೆ ಕಾಗದದ ಕೊನೆಯ ಚೌಕಕ್ಕೆ ಬೆರಳಿಟ್ಟಳು. ಅಲ್ಲಿ ಆಗಲೇ ಒಂದು ಚೀಟಿ, ಅವಳದೇ ಅಕ್ಷರ: ಇವತ್ತು ಬೆಳಿಗ್ಗೆ ನಾನು ಮಾಡಿದ್ದು. ಕೆಳಗೆ ನನ್ನ ಹೆಸರು. ಸುತ್ತಲಿದ್ದವರೆಲ್ಲ ತಿರುಗಿದರು. ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಒಂದು ವಾಕ್ಯ," ಎಂದಳು ಅಕ್ಕ.

ಬಾಯಿಗೆ ಹತ್ತು ಡೈಲಾಗ್ ಬಂದವು, ಹತ್ತೂ ಬೇರೆಯವರು ಹೊಡೆದಾಗಿದ್ದವು. "ಆರು ಸಾಕಿತ್ತು, ಹದ್ನಾಲ್ಕು ಬರ್ದೆ," ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಚೀಟಿಯ ಮೂಲೆಯನ್ನು ಬೆರಳಿನಿಂದ ಒತ್ತಿ, ಟೀ ಆರಿದೆ, ಹೋಗಿ ಬಿಸಿ ಮಾಡು ಎಂದಳು. ಡ್ರಮ್ಮಿನ ಬಳಿಗೆ ಹೋಗುವಾಗ ಹಾಲಿನೊಳಗಿಂದ ಸದ್ದು ಕೇಳಿಸುತ್ತಿತ್ತು. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಪ್. ನೂರಹತ್ತೊಂಬತ್ತು ಕುರ್ಚಿ, ಒಬ್ಬನೇ.